ಎರಡು ಸಲ ಉಪ್ಪು ಬಿದ್ದ ತಂಬುಳಿ

ನಾನು ಚಿಕ್ಕವಳಿದ್ದಾಗ ಭದ್ರಾವತಿಯ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಬಚ್ಚಲ ಪಕ್ಕ ಒಂದು ಗುಪ್ಪೆ ಒದ್ದೆ ಮರಳಿತ್ತು. ಅದರ ಮೇಲೆ ಮಣ್ಣಿನ ಮಡಕೆ ಕೂರಿಸಿ, ಸುತ್ತ ಹಸಿ ಬಟ್ಟೆ ಸುತ್ತಿದರೆ ಒಳಗಿದ್ದದ್ದು ತಣ್ಣಗಾಗುತ್ತಿತ್ತು. ಬಟ್ಟೆ ಒಣಗದಂತೆ ನೀರು ಚಿಮುಕಿಸುವ ಕೆಲಸ ನನ್ನದು. ನನಗದು ಬಲು ಇಷ್ಟ, ಏಕೆಂದರೆ ಅರ್ಧ ನೀರು ನನ್ನ ಕಾಲಿಗೇ ಬೀಳುತ್ತಿತ್ತು.

ಅಪ್ಪ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಕರಗಿ ಕೆಂಪಾದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಕೆಲಸ. ಆ ಬೇಸಿಗೆಯಲ್ಲಿ ಅವರಿಗೆ ಊಟವೇ ಸೇರದಾಯಿತು. ತಟ್ಟೆಯ ಮುಂದೆ ಕೂತು, ಒಂದೆರಡು ತುತ್ತು ತಿಂದು ಕೈ ತೊಳೆದುಬಿಡುತ್ತಿದ್ದರು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ಉಳಿದ ಅನ್ನವನ್ನು ಎತ್ತಿಡುವಾಗ ಅಮ್ಮನ ಮುಖ ನೋಡಲು ನನಗೆ ಭಯವಾಗುತ್ತಿತ್ತು.

ಒಂದು ದಿನ, "ಖಾರವಾಗಿ, ತಣ್ಣಗೆ ಏನಾದ್ರೂ ಕೊಟ್ಟು ನೋಡೋಣ" ಎಂದು ಅಮ್ಮ ಸೌತೆಕಾಯಿ ತಂಬುಳಿ ಮಾಡಲು ಕೂತಳು. ಅಕ್ಕ ಎಳೆ ಸೌತೆಕಾಯಿ ತುರಿದಳು. ಅಮ್ಮ ಒರಳಿನಲ್ಲಿ ತೆಂಗಿನಕಾಯಿ, ಜೀರಿಗೆ, ಹಸಿಮೆಣಸಿನಕಾಯಿ ರುಬ್ಬಿದಳು. ಆ ಘಾಟಿಗೆ ನನಗೆ ಸೀನೋ ಸೀನು. ಎಲ್ಲವನ್ನೂ ಮಜ್ಜಿಗೆಯಲ್ಲಿ ಕಲಸಿ, ಸಾಸಿವೆ ಒಗ್ಗರಣೆ ಕೊಟ್ಟು, ಮಡಕೆಯನ್ನು ಮರಳಿನ ಮೇಲೆ ಇಟ್ಟದ್ದಾಯಿತು. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ, ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟುನಿಟ್ಟಿತ್ತು. ಬಡಿಸುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು!

ಸಂಜೆ ಅಪ್ಪ ಬಂದು ಕೈಕಾಲು ತೊಳೆದು ಕೂತರು. ಅಮ್ಮ ಲೋಟದ ತುಂಬ ತಂಬುಳಿ ಕೊಟ್ಟಳು. ಆಗ ಅಕ್ಕ ಮೆಲ್ಲಗೆ ಹೇಳಿದಳು, "ಅಮ್ಮಾ, ಉಪ್ಪು ನಾನು ಆಗ್ಲೇ ಹಾಕಿದೀನಿ."

"ಅಯ್ಯೋ, ನಾನೂ ಹಾಕಿದ್ನಲ್ಲೇ!"

ಅಮ್ಮ ಕೈ ಚಾಚುವಷ್ಟರಲ್ಲಿ ಅಪ್ಪ ಗಟಗಟನೆ ಕುಡಿಯತೊಡಗಿದ್ದರು. ಇದ್ದ ಮಜ್ಜಿಗೆಯೆಲ್ಲ ಆ ಮಡಕೆಯಲ್ಲೇ ಮುಗಿದಿತ್ತು, ಇದನ್ನೂ ತಳ್ಳಿಬಿಟ್ಟರೆ ಕೊಡಲು ಬೇರೇನೂ ಇರಲಿಲ್ಲ. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಲೋಟ ಖಾಲಿಯಾಯಿತು. ಅಪ್ಪ ಮೀಸೆ ಒರೆಸಿಕೊಂಡರು.

"ಇನ್ನೊಂದು ಲೋಟ ಹಾಕು ಮಾರಾಯ್ತಿ. ನಾಲಿಗೆಗೆ ರುಚಿ ಹತ್ತಿ ಎಷ್ಟು ದಿನ ಆಗಿತ್ತು! ಸ್ವಲ್ಪ ಅನ್ನಾನೂ ಹಾಕು."

ದಿನವಿಡೀ ಬೆವರು ಸುರಿಸಿದ ಮೈ ಉಪ್ಪನ್ನೇ ಕೇಳುತ್ತಿತ್ತೋ ಏನೋ. ಅಮ್ಮ ಅನ್ನ ಬಡಿಸುತ್ತಾ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಂತೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಆಮೇಲೆ ನಾವೂ ಒಂದೊಂದು ಗುಟುಕು ಕುಡಿದು ನೋಡಿದೆವು. ಅಬ್ಬಬ್ಬಾ, ಬಾಯಿಗಿಡಲಾಗದಷ್ಟು ಉಪ್ಪು!

ಮಕ್ಕಳೇ, ನಿಮಗೀಗ ತಣ್ಣಗಿನದು ಬೇಕೆಂದರೆ ಫ್ರಿಜ್ ಬಾಗಿಲು ತೆಗೆದರಾಯಿತು, ಮರಳೂ ಬೇಡ, ಒದ್ದೆ ಬಟ್ಟೆಯೂ ಬೇಡ. ಅಡುಗೆ ಮಾಡುವಾಗಲೇ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ಉಪ್ಪು ನೋಡುತ್ತೀರಿ. ನೋಡಿ, ಅದು ಜಾಣತನವೇ. ನಾನು ಮಾತ್ರ ಇವತ್ತಿಗೂ ನೋಡುವುದಿಲ್ಲ. ಬಡಿಸಿ, ನಿಮ್ಮ ಮುಖವನ್ನೇ ನೋಡುತ್ತಾ ನಿಲ್ಲುತ್ತೇನೆ. ನೀವು ಲೋಟ ಮುಂದೆ ಚಾಚಿ, "ಇನ್ನೊಂಚೂರು ಹಾಕಜ್ಜಿ" ಅಂದ ಮೇಲೆಯೇ ನಾನು ಉಸಿರು ಬಿಡುವುದು.