ಅಂಗೈಯಲ್ಲಿ ಕರಗಿದ ಎಣ್ಣೆ

ಗಟ್ಟಿಯಾದ ತೆಂಗಿನೆಣ್ಣೆಗೆ ಅಷ್ಟೇನೂ ವಾಸನೆ ಇರುವುದಿಲ್ಲ. ಅಂಗೈಗೆ ಹಾಕಿ ಉಜ್ಜಿ, ಬಿಳಿ ಹೋಗಿ ನೀರಿನಂತಾದ ಮೇಲೆಯೇ ಅದರ ಪರಿಮಳ ಏಳುವುದು. ಈ ಧನು ತಿಂಗಳ ಚಳಿಯಲ್ಲಿ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಹಾಗೆ ಉಜ್ಜುತ್ತ ನಿಂತಾಗ ಎರಡು ಕೈಗಳು ನೆನಪಾದವು. ಮುಖವಿಲ್ಲ, ಕೈಗಳು ಮಾತ್ರ. ಬೋವಿಕಾನದ ನಮ್ಮ ಹಳೆಯ ಮನೆಯ ಬಚ್ಚಲು. ಒಲೆಯಲ್ಲಿ ಉರಿಯುವ ತೆಂಗಿನ ಕೊತ್ತಳಿಗೆಯ ಹೊಗೆ. ಹಂಡೆಯಿಂದ ಎದ್ದ ಹಬೆ ತಣ್ಣಗಿನ ಹೆಂಚಿಗೆ ತಾಗಿ ಹನಿಯಾಗಿ ನಿಂತು, ಒಂದೊಂದಾಗಿ ನನ್ನ ಬೆನ್ನ ಮೇಲೆ ಬೀಳುವುದು. ಆ ಕೈಗಳು ಸೀಸೆಯ ಕಿರಿದಾದ ಬಾಯಿಗೆ ಹಿಡಿಸೂಡಿ ಪೊರಕೆಯ ಕಡ್ಡಿ ತೂರಿಸಿ ಎಣ್ಣೆಯನ್ನು ಕೆದಕಿ ತೆಗೆದು, ಎರಡು ಅಂಗೈಗಳ ನಡುವೆ ಉಜ್ಜಿ, ಅದೂ ಸಾಲದೆಂಬಂತೆ ಬಾಯಿಯ ಹತ್ತಿರ ತಂದು ಬೆಚ್ಚಗೆ ಊದಿಸಿಕೊಂಡು, ನೆತ್ತಿಗಲ್ಲ, ಮೊದಲು ಕಿವಿಯ ಹಿಂದೆ ಮುಟ್ಟಿಸುತ್ತಿದ್ದವು. “ತಣ್ಣಗೆ ಉಂಟಾ?” ಎಂದು ಕೇಳುತ್ತಿದ್ದವು ಎಂದು ಬರೆಯಹೊರಟೆ. ಕೈಗಳು ಕೇಳುವುದಿಲ್ಲ. ಯಾರೋ ಕೇಳುತ್ತಿದ್ದರು.

ಅದು ಅಮ್ಮ ಎಂದೇ ನಂಬಿಕೊಂಡು ಬೆಳೆದವಳು ನಾನು. ನನಗೆ ನಾಲ್ಕು ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಅವಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಒಂದೋ ಫೋಟೊದಲ್ಲಿ ನೋಡಿದ್ದು, ಇಲ್ಲವೇ ಯಾರೋ ಹೇಳಿದ್ದು. ನನ್ನದೇ ಎಂದು ಉಳಿದದ್ದು ಈ ಬೆಚ್ಚಗಿನ ಎಣ್ಣೆ ಮಾತ್ರ. ನನಗಿಂತ ಏಳು ವರ್ಷ ದೊಡ್ಡವನಾದ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದೆ.

“ಅದು ಅಮ್ಮ ಅಲ್ಲ ಮಾರಾಯ್ತಿ, ದೊಡ್ಡಮ್ಮ.”

“ನಿನಗೆ ಹೇಗೆ ಗೊತ್ತು?”

“ನಮ್ಮಲ್ಲಿ ಎಣ್ಣೆ ಗಟ್ಟಿಯಾಗುವುದು ಯಾವಾಗ? ಧನು, ಮಕರದ ಚಳಿಗೆ. ಅಮ್ಮ ಹೋದದ್ದು ದೀಪಾವಳಿಗೆ ಮೊದಲು. ಅದರ ಹಿಂದಿನ ಚಳಿಗೆ ನಿನಗೆ ಮೂರೂ ತುಂಬಿರಲಿಲ್ಲ. ಮೊನ್ನೆ ಚಾವಿ ಎಲ್ಲಿಟ್ಟದ್ದು ಅಂತ ನೆನಪಿಲ್ಲದವಳಿಗೆ ಅದು ನೆನಪುಂಟಾ?”

ನಕ್ಕೆ. ಆದರೆ ಫೋನಿಟ್ಟ ಮೇಲೆ ಆ ಲೆಕ್ಕ ನನ್ನನ್ನು ಬಿಡಲಿಲ್ಲ. ಉಳಿದ ತಿಂಗಳುಗಳಲ್ಲಿ ಸೀಸೆ ಬಗ್ಗಿಸಿದರೆ ಎಣ್ಣೆ ತಾನಾಗಿ ಸುರಿಯುತ್ತಿತ್ತು. ಕರಗಿಸುವ ಕೈಗಳು ಬೇಕಾಗಿಯೇ ಇರಲಿಲ್ಲ. ಚಳಿಯಿಲ್ಲದಿದ್ದರೆ ನನ್ನ ನೆನಪೂ ಇಲ್ಲ. ಆ ಚಳಿ ಯಾವ ವರ್ಷದ್ದು?

ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದ್ದು ಒಂದೇ ಮನೆಯಲ್ಲಿದ್ದ ದೊಡ್ಡಪ್ಪನ ಹೆಂಡತಿ, ದೊಡ್ಡಮ್ಮ. ಬೋವಿಕಾನದ ಮನೆ ಈಗ ಇಲ್ಲ, ಅಲ್ಲೊಂದು ಟೈಲ್ಸ್ ಅಂಗಡಿ ಬಂದಿದೆ. ದೊಡ್ಡಮ್ಮ ನಾಯ್ಮಾರ್ಮೂಲೆಯಲ್ಲಿ ಮಗಳ ಜೊತೆ ಇದ್ದಾರೆ. ಭಾನುವಾರ ಬೆಳಿಗ್ಗೆ ಹೋದಾಗ ಅವರು ಮೆಟ್ಟಿಲ ಬಿಸಿಲಿನಲ್ಲಿ ಕುಳಿತಿದ್ದರು. ಕರಗಲೆಂದು ಪಕ್ಕದಲ್ಲೇ ಎಣ್ಣೆಯ ಡಬ್ಬಿಯನ್ನೂ ಬಿಸಿಲಿಗಿಟ್ಟಿದ್ದರು. ಅಣ್ಣ ಹೇಳಿದ್ದನ್ನು ಮುಚ್ಚಿಟ್ಟು, ಆ ಕೈಗಳು ಯಾರದೆಂದು ಕೇಳಿದೆ. ಅವರು ಡಬ್ಬಿಯನ್ನು ಇನ್ನಷ್ಟು ಬಿಸಿಲಿಗೆ ಸರಿಸಿದರು.

“ನಿನ್ನ ಅಮ್ಮನೇ ಮಗಾ. ಕೂತು ಉಜ್ಜಲಿಕ್ಕೆ ನನಗೆ ಎಲ್ಲಿ ಪುರುಸೊತ್ತು? ನಾನು ಸೀಸೆಯನ್ನೇ ಹಂಡೆಯ ಬಿಸಿನೀರಿಗೆ ಇಳಿಸುವುದು. ಒಮ್ಮೆ ಚಳಿ ಹಿಡಿದ ಗಾಜು ಟಪ್ ಅಂತ ಒಡೆದು ಎಣ್ಣೆಯೆಲ್ಲ ನೀರಿಗೆ! ಗಾಜು ಹೆಕ್ಕಿ ತೆಗೆದೆ, ಯಾರಿಗೂ ಹೇಳಲಿಲ್ಲ. ನಿನ್ನ ದೊಡ್ಡಪ್ಪ ಅದರಲ್ಲೇ ಮಿಂದು ಮಿರಿ ಮಿರಿ ಮಿಂಚಿಕೊಂಡು ವಿಲ್ಲೇಜ್ ಆಫೀಸಿಗೆ ಹೋದದ್ದು.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನಗೆ ಎಷ್ಟು ಹಗುರವಾಯಿತೆಂದರೆ, “ನಾನು ನಿಮಗೆ ಎಣ್ಣೆ ಹಾಕಲಾ?” ಎಂದು ಕೇಳಿದೆ. ಡಬ್ಬಿಯ ಅಂಚಿನ ಎಣ್ಣೆ ತಿಳಿಯಾಗಿತ್ತು, ನಡುವೆ ಇನ್ನೂ ಬಿಳಿಯ ಗಡ್ಡೆ. ಅದನ್ನು ಬೆರಳಲ್ಲಿ ತೆಗೆದು ನೇರ ನೆತ್ತಿಗೆ ಒಯ್ದೆ.

“ಏ, ತಣ್ಣಗೆ ಇಡಬೇಡ ಮಾರಾಯ್ತಿ! ತಾ ಇಲ್ಲಿ.”

ನನ್ನ ಕೈ ಎಳೆದುಕೊಂಡು ತಮ್ಮ ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿದರು. ಬಾಯಿಯ ಹತ್ತಿರ ತಂದು ಊದಿದರು. ಮತ್ತೆ ನನ್ನ ಬೆರಳುಗಳನ್ನೇ ಎತ್ತಿ ಮೊದಲು ತಮ್ಮ ಕಿವಿಯ ಹಿಂದೆ ಮುಟ್ಟಿಸಿಕೊಂಡು, “ಹಾಂ, ಇನ್ನು ಹಾಕು,” ಎಂದು ಕಣ್ಣು ಮುಚ್ಚಿದರು.

ಅಮ್ಮ ಮಾಡುವುದನ್ನು ನೋಡಿ ಅವರು ಕಲಿತಿರಬಹುದು. ಸೀಸೆ ಒಡೆದ ಮೇಲೆ ಅವರೇ ಕಂಡುಕೊಂಡ ದಾರಿಯೂ ಇರಬಹುದು. ನನ್ನ ಪಾಲಿಗೆ ಅಮ್ಮ ಇರಲೆಂದು ನನಗೆ ಎಣ್ಣೆ ಹಾಕಿದ ತಮ್ಮ ಬೆಳಗುಗಳನ್ನೆಲ್ಲ ಅವಳ ಹೆಸರಿಗೆ ಕೊಟ್ಟು, ಈಗ ಬಿಸಿಲಿಗೆ ಕೂತಿದ್ದಾರೆ ಎಂದು ನನಗೆ ಅನಿಸಿತು. ಅನಿಸಿದ್ದು ಸರಿಯೋ ಗೊತ್ತಿಲ್ಲ. ನಾನು ಮತ್ತೆ ಕೇಳಲಿಲ್ಲ. ಎಣ್ಣೆ ನನ್ನ ಬೆರಳ ಸಂದಿಯಿಂದ ಅವರ ತೆಳು ಬಿಳಿಗೂದಲಿಗೆ ಇಳಿಯುತ್ತಿತ್ತು, ಆ ಪರಿಮಳ ಏಳುತ್ತಿತ್ತು.

“ತಣ್ಣಗೆ ಉಂಟಾ?” ಎಂದೆ.