ಎರಡು ಚಮಚ ರಸಾಯನ

ಮೊನ್ನೆ ಅರಸೀಕೆರೆಯ ಲ್ಯಾಬಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ರಕ್ತ ಕೊಟ್ಟು ಬಂದ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ಡಬ್ಬಿ ತೆರೆದರು. ಬಾಳೆಹಣ್ಣು, ಬೆಲ್ಲ, ಏಲಕ್ಕಿಯ ವಾಸನೆ. ರಸಾಯನ.

ನಮ್ಮ ಎದುರುಮನೆಯ ಅತ್ತೆ ನೆನಪಾದರು. ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ಅತ್ತೆ. ಕೊಬ್ಬರಿ ವ್ಯಾಪಾರದ ಮನೆ, ದೊಡ್ಡ ನಗು. ಸಕ್ಕರೆ ಕಾಯಿಲೆ ಬಂದ ಮೇಲೆ ಆ ನಗುವಿನ ಅಡಿಯಲ್ಲೊಂದು ಭಯ ಕೂತಿತ್ತು. ಅದೇ ಕಾಯಿಲೆಗೆ ಅವರ ತಾಯಿಯ ಕಾಲು ತೆಗೆದಿದ್ದರು.

ಮಾತ್ರೆಗೆ ಸಕ್ಕರೆ ಬಗ್ಗದಿದ್ದಾಗ ಡಾಕ್ಟರು ಹೇಳಿದ್ದರು: “ನಿಮ್ಮ ಮೈಯಲ್ಲಿ ಇನ್ಸುಲಿನ್ ಇದೆ ಅಮ್ಮ. ಮೈ ಅದರ ಮಾತು ಕೇಳ್ತಿಲ್ಲ. ಎಷ್ಟರಮಟ್ಟಿಗೆ ಕೇಳ್ತಿಲ್ಲ ಅಂತ ಅಳೀಬೇಕು. ಬರಿಹೊಟ್ಟೇಲಿ ರಕ್ತ ಕೊಡಿ, ಸಕ್ಕರೆ, ಇನ್ಸುಲಿನ್ ಎರಡನ್ನೂ ನೋಡಿ ಲೆಕ್ಕ ಹಾಕ್ತೀವಿ.”

ಹೊರಗೆ ಬಂದು ಅತ್ತೆ, ಜೊತೆಗೆ ಹೋಗಿದ್ದ ನನ್ನ ತೋಳು ಹಿಂಡಿದರು. “ನಮ್ಮ ಯಜಮಾನ್ರೂ ನನ್ನ ಮಾತು ಕೇಳಲ್ಲ ಕಣೇ. ಅವ್ರನ್ನ ಯಾವ ಲ್ಯಾಬಲ್ಲಿ ಅಳೆಸಾಣ?” ನಕ್ಕರು. ಹಿಂಡಿದ ಕೈ ಮಾತ್ರ ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಕರೆಯಲು ಹೋದಾಗ ಅವರ ಲಿಂಗಪೂಜೆ ಮುಗಿದಿತ್ತು. ನನ್ನ ಅಂಗೈಗೆ ಎರಡು ಚಮಚ ರಸಾಯನ ಹಾಕಿ, ತಾವೂ ಎರಡು ಚಮಚ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಇಬ್ಬರೂ ಆಟೋ ಹತ್ತಿದೆವು.

“ಏನಾದ್ರೂ ತಿಂದಿದ್ದೀರಾ?” ಎಂದಳು ಲ್ಯಾಬಿನ ಹುಡುಗಿ.

“ಇಲ್ಲ ಕಣವ್ವ, ಕಾಫಿ ಕೂಡ ಮುಟ್ಟಿಲ್ಲ.”

ಪಕ್ಕದಲ್ಲಿ ನಿಂತ ನಾನೂ ಹೌದೆಂದು ತಲೆಯಾಡಿಸಿದೆ. ಸುಳ್ಳು ಹೇಳಿದೆವೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಮೂರು ದಿನಕ್ಕೆ ವರದಿ ಬಂತು. ಅಂಕಿ ಬಹಳ ಮೇಲಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ ಇನ್ನೊಂದು ಮಾತ್ರೆ ಸೇರಿಸಿದರು.

ವಾರ ಕಳೆದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಅತ್ತೆ ಜಗಲಿಯ ಮೇಲೆ ಕೂತಿದ್ದರು, ಸೆರಗೆಲ್ಲ ಬೆವರಿನಿಂದ ತೊಯ್ದಿತ್ತು. ಹತ್ತಿರ ಹೋದೆ. ನನ್ನನ್ನೇ ದಿಟ್ಟಿಸಿ, “ಯಾರಮ್ಮ ನೀವು?” ಎಂದರು. ಏನೇ, ಬಾರೇ ಎಂದಲ್ಲದೆ ಎಂದೂ ಕರೆಯದವರು… ಅವರ ಅಡುಗೆಮನೆಗೆ ಓಡಿ, ಸಕ್ಕರೆ ತಂದು ನಾಲಿಗೆಗೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ತುಟಿ ನೆಕ್ಕಿ ಕೇಳಿದರು: “ಏನೇ ಇದು, ರಸಾಯನನಾ?”

ಆಗ ಹೊಳೆಯಿತು ನನಗೆ.

“ಅತ್ತೆ, ಅವತ್ತು ನೀವು ಬರಿಹೊಟ್ಟೇಲಿ ಇರ್ಲಿಲ್ಲ. ಆ ಲೆಕ್ಕವೇ ತಪ್ಪಿರಬೇಕು, ಅದನ್ನ ನಂಬಿ ಕೊಟ್ಟ ಹೊಸ ಮಾತ್ರೆ ಸಕ್ಕರೇನ ತೀರಾ ಇಳಿಸ್ತಿದೆ. ಡಾಕ್ಟ್ರಿಗೆ ಹೇಳಿ ಇನ್ನೊಂದ್ಸಲ ಮಾಡಿಸೋಣ.”

“ಅದು ಪ್ರಸಾದ ಕಣೇ! ಪ್ರಸಾದನ ಯಾರಾದ್ರೂ ತಿಂಡಿ ಅಂತಾರಾ? ಬುದ್ಧಿ ಬಂದಾಗಿಂದ ಅದನ್ನ ತಗೊಳ್ದೆ ಹೊಸ್ತಿಲು ದಾಟಿಲ್ಲ ನಾನು.” ಆಮೇಲೆ ದನಿ ತಗ್ಗಿಸಿ, “ಸೋಮವಾರ ಹೋಗಾಣ. ನೀನೇನೂ ಹೇಳ್ಬ್ಯಾಡ, ಡಾಕ್ಟ್ರು ಬೈತಾರೆ” ಎಂದರು.

ಸೋಮವಾರಗಳು ಕಳೆದವು. ಹೊಸ ಮಾತ್ರೆಯನ್ನು ಮಾತ್ರ ಅವರು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದರೆ ಅವ್ವನ ಹಾಗೆ ಕಾಲು ಹೋದೀತೆಂಬ ಹೆದರಿಕೆ. ನಾನೇ ಹೋಗಿ ಡಾಕ್ಟರಿಗೆ ಹೇಳಬಹುದಿತ್ತು. ತಲೆಯಾಡಿಸಿದವಳು ನಾನೂ ಅಲ್ಲವೇ… ನನಗೂ ಬೈಗುಳದ ಭಯ.

ತಂಗಿಯ ಮನೆಗೆಂದು ಎರಡು ದಿನ ಬೇಲೂರಿಗೆ ಹೋಗಿದ್ದೆ. ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದರೆ, ಎದುರುಮನೆಯ ಮುಂದೆ ಚಪ್ಪಲಿಗಳ ರಾಶಿ. ಹಿಂದಿನ ಮಧ್ಯಾಹ್ನ ಜಗಲಿಯ ಮೇಲೇ ಒರಗಿದ್ದರಂತೆ. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡರಂತೆ ಎಲ್ಲರೂ…

“ಅಮ್ಮ, ನಿಮ್ಮ ಸರದಿ. ಏನಾದ್ರೂ ತಿಂದಿದ್ದೀರಾ?” ಲ್ಯಾಬಿನ ಹುಡುಗಿ ಸೂಜಿ ಹಿಡಿದು ನಿಂತಿದ್ದಳು. ಅದೇ ಪರೀಕ್ಷೆ, ಈಗ ನನಗೆ.

ಇಲ್ಲ ಎನ್ನಲು ಬಾಯಿ ತೆರೆದೆ. ನಾಲಿಗೆಯ ಅಂಚಿನಲ್ಲಿ ಇನ್ನೂ ಸಿಹಿಯಿತ್ತು.

“ಪೂಜೆ ಆದ್ಮೇಲೆ ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಂಡೆ ಕಣವ್ವ.”

“ಹಂಗಾದ್ರೆ ನಾಳೆ ಬನ್ನಿ ಅಮ್ಮ,” ಎಂದು ಸೂಜಿ ಕೆಳಗಿಟ್ಟಳು. ಬೈಯಲಿಲ್ಲ.