ಕಾಕಾನ ಕಿಸೆಯಲ್ಲಿದ್ದ ಫ್ಯೂಜು

ಹದಿನೈದು ದಿನದಿಂದ ಒಂದು ಲಾಕ್ ನನ್ನ ತಲೆ ತಿನ್ನುತ್ತಿತ್ತು. ಒಂದೇ ಕಂಪ್ಯೂಟರಿನೊಳಗೆ ಹತ್ತಾರು ಕಂಪ್ಯೂಟರು ನಡೆಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಅಂತಾರೆ. ಸುರಪುರದ ಮನೆಯಲ್ಲೇ ಕೂತು ಅದರ ತಿರುಳಾದ ಕರ್ನಲ್‌ಗೆ ಕೋಡ್ ಬರೆಯುವವಳು ನಾನು. ಎರಡು ಕೆಲಸಗಳು ಒಮ್ಮೆಲೇ ಒಂದೇ ಮೆಮೊರಿಗೆ ಕೈ ಹಾಕದಂತೆ ಅಲ್ಲಿ ಲಾಕ್ ಇರುತ್ತದೆ. ಹಳೆಯದರ ಬದಲು ಹೊಸ ಲಾಕ್ ಹಾಕಿದ್ದೆ. ಪರೀಕ್ಷೆಯೆಲ್ಲ ಪಾಸಾಗಿತ್ತು. ಆದರೂ ಹೆದರಿಕೆ ಹೋಗಿರಲಿಲ್ಲ. ಇಂಥ ತಪ್ಪು ಎರಡು ಕೆಲಸಗಳ ಗಳಿಗೆ ಕೂಡಿಬಂದಾಗ ಮಾತ್ರ ಕಾಣುತ್ತದೆ.

ಅಷ್ಟರಲ್ಲಿ ಹೊಲದ ಬಾವಿಗೂ ಕೈ ಹಾಕಿದ್ದೆ, ಸುಮ್ಮನಿರಲಾರದ ಜೀವ ನನ್ನದು! ನಮ್ಮಲ್ಲಿ ಮೋಟರ್ ರಿಪೇರಿಗೆ ಕೂರುವವರು ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಳ್ಳುತ್ತಾರೆ. ಅವರು ವಾಪಸ್ ಹಾಕುವ ತನಕ ಮೋಟರ್ ತಿರುಗುವುದಿಲ್ಲ. ನಾನು ಫೋನ್ ಮಾಡಿದರೆ ಮೋಟರ್ ಶುರುವಾಗುವ ಪೆಟ್ಟಿಗೆ ತರಿಸಿ, ಹೊಸ ಸ್ವಿಚ್ಚಿನಿಂದ ಲೈನ್ ಎಳೆಸಿದೆ. ಹಳೆಯ ಫ್ಯೂಜುಗಳು ಲೈನಿನಿಂದ ಕಳಚಿಕೊಂಡು ಗೋಡೆಯ ಮೇಲೆ ಸುಮ್ಮನೆ ಉಳಿದವು. ಹೊಲ ನೋಡಿಕೊಳ್ಳುವ ಕಾಕಾನಿಗೆ ಹೇಳಬೇಕೆಂದುಕೊಂಡು ಮರೆತೆ.

ಮರುದಿನ ಮಧ್ಯಾಹ್ನ ಮನೆಯಿಂದ ಪೆಟ್ಟಿಗೆಗೆ ಫೋನ್ ಹಚ್ಚಿದೆ. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಇಲ್ಲ ಅಂದಿತು. ಥೂ ಇದರ, ಎಂದು ಬೈದುಕೊಂಡು ಹೊಲಕ್ಕೆ ಹೋದರೆ, ಕಾಕಾ ಜಾಮ್ ಆಗಿದ್ದ ಮೋಟರಿನ ಹಿಂದಿನ ಮುಚ್ಚಳ ಬಿಚ್ಚಿ, ಒಳಗಿನ ಫ್ಯಾನನ್ನು ಬೆರಳಿನಿಂದ ತಿರುಗಿಸುತ್ತ ಕೂತಿದ್ದ. 

"ಕಾಕಾ, ಕೈ ತಗಿ! ತಗಿ ಮೊದ್ಲ!"

"ಯಾಕ ಹಂಗ ಒದರಾಕತ್ತಿಯವ್ವಾ? ಫ್ಯೂಜು ನನ್ನ ಕಿಸೇದಾಗ ಐತಲ್ಲ," ಎಂದು ತೆಗೆದು ತೋರಿಸಿದ.

 ಓಡಿಹೋಗಿ ಹೊಸ ಸ್ವಿಚ್ಚು ಇಳಿಸಿ ಲೈನ್ ಬಂದ್ ಮಾಡಿದೆ. ಸ್ವಲ್ಪ ಹೊತ್ತಿಗೇ ಪಕ್ಕದ ಹೊಲದ ಮೋಟರ್ ಗುಂಯ್ ಎಂದಿತು. ಕರೆಂಟ್ ಬಂದಿತ್ತು.

ಮನೆಗೆ ಬಂದು ಕೋಡಿನ ತುಂಬ ಹಳೆಯ ಲಾಕನ್ನು ಹುಡುಕಿದೆ. ಸಿಕ್ಕಿತು. ಒಳಗಿನ ಕಂಪ್ಯೂಟರನ್ನು ಬಂದ್ ಮಾಡುವ ಕೋಡಿನ ಒಂದು ಭಾಗ ಇನ್ನೂ ಹಳೆಯ ಲಾಕನ್ನೇ ಹಿಡಿದುಕೊಂಡು, ತಾನು ಸುರಕ್ಷಿತ ಎಂದು ನಂಬಿ ಕೂತಿತ್ತು. ಪರೀಕ್ಷೆ ಪಾಸಾಗಿದ್ದು ನನ್ನ ಶಾಣ್ಯಾತನದಿಂದಲ್ಲ, ಆ ಗಳಿಗೆ ಕೂಡಿಬಂದಿರಲಿಲ್ಲ ಅಷ್ಟೇ. ನನ್ನ ಬದಲಾವಣೆ ಸೇರಿಸಬೇಡಿ ಎಂದು ತಂಡಕ್ಕೆ ಬರೆದೆ.

ಸಂಜೆ ಕಾಕಾನ ಮುಂದೆ ಎಲ್ಲ ಒಪ್ಪಿಕೊಂಡೆ, ಫೋನ್ ಹಚ್ಚಿದ್ದನ್ನೂ, ಕರೆಂಟ್ ಇಲ್ಲದ್ದಕ್ಕೇ ಮೋಟರ್ ತಿರುಗದೆ ಉಳಿದದ್ದನ್ನೂ.

"ಮತ್ತ ಇದು?" ಎಂದು ಕಿಸೆಯಿಂದ ಫ್ಯೂಜು ತೆಗೆದ.

"ಅದರಾಗ ಕರೆಂಟೇ ಇಲ್ಲ ಕಾಕಾ."

ಅವನು ಬೈಯುತ್ತಾನೆಂದು ಕಾದೆ. ಆದರೆ ಅವನು ಫ್ಯೂಜನ್ನು ಕಟ್ಟೆಯ ಮೇಲಿಟ್ಟು, ಒಂದು ಕೈಯಿಂದ ಇನ್ನೊಂದು ಕೈಯ ಬೆರಳುಗಳನ್ನು ಹಿಡಿದುಕೊಂಡು ಕೂತ.